ಗ್ರೂಪಿಗೆ ಹಾಕುವ ಮೊದಲು ಹೋಗಿ ಕೇಳಿ

ನಮ್ಮಲ್ಲಿ ಬದನಗುಪ್ಪೆ ಇಂಡಸ್ಟ್ರಿಯಲ್ ಏರಿಯಾಕ್ಕೆ ಶಿಫ್ಟಿಗೆ ಹೋಗೋರಿದ್ದೀರಿ, ಚಾಮರಾಜನಗರದಲ್ಲಿ ರೈಲು ಹತ್ತಿ ನಂಜನಗೂಡಿಗೆ ಹೋಗೋರಿದ್ದೀರಿ, ಗುಂಡ್ಲುಪೇಟೆಯಲ್ಲಿ ನನ್ನ ಹಾಗೆ ತರಕಾರಿ ಲೋಡಿನ ಲೆಕ್ಕ ಬರೆಯೋರೂ ಇದ್ದೀರಿ. ಪ್ರಾರ್ಥನೆಗೆ ಬಂದಾಗ ಬಹಳ ಜನ ಹೇಳೋದು ಒಂದೇ: "ಕೆಲಸ ಕಷ್ಟ ಇಲ್ಲ ಪಾಸ್ಟರ್, ಜೊತೇಲಿರೋರೇ ಕಷ್ಟ."

ಯೆಹೋಶುವ 22ನೇ ಅಧ್ಯಾಯ ತೆಗೆಯಿರಿ. ರೂಬೇನ್, ಗಾದ್, ಮನಸ್ಸೆಯ ಅರ್ಧ ಗೋತ್ರದವರು ಯುದ್ಧ ಮುಗಿಸಿ ಊರಿಗೆ ಹೊರಟವರು ಯೊರ್ದನ್ ಹತ್ತಿರ ದೊಡ್ಡ ಯಜ್ಞವೇದಿ ಕಟ್ಟಿದರು. ಯಾಕೆ ಅಂತ ಯಾರಿಗೂ ಹೇಳಲಿಲ್ಲ. ಸುದ್ದಿ ಮುಟ್ಟಿದ್ದೇ ತಡ, ಉಳಿದ ಇಸ್ರಾಯೇಲ್ಯರು ಅವರ ಮೇಲೆ ಯುದ್ಧಕ್ಕೇ ಕೂಡಿದರು. ಜೊತೆಯಲ್ಲೇ ಹೋರಾಡಿದವರ ಮೇಲೆ!

ಆದರೆ ಕತ್ತಿ ಎತ್ತುವ ಮೊದಲು ಫೀನೆಹಾಸನನ್ನೂ ಹತ್ತು ಮಂದಿ ಪ್ರಧಾನರನ್ನೂ ಕಳುಹಿಸಿದರು. ಫೀನೆಹಾಸನೇನೂ ಮೆತ್ತಗೆ ಮಾತಾಡಲಿಲ್ಲ, ದ್ರೋಹ ಅಂತಲೇ ಕೇಳಿದ. ಆದರೂ 19ನೇ ವಚನ ಗಮನಿಸಿ. ನಿಮ್ಮ ನಾಡು ಸರಿಯಿಲ್ಲ ಅನಿಸಿದರೆ ನಮ್ಮ ಕಡೆಗೇ ಬನ್ನಿ, ನಮ್ಮ ನಡುವೆ ಪಾಲು ತಗೊಳ್ಳಿ ಅನ್ನುವ ಅರ್ಥದ ಮಾತು ಹೇಳುತ್ತಾರೆ. ತಮ್ಮದನ್ನು ಬಿಟ್ಟುಕೊಡಲು ತಯಾರಾಗಿ ಬಂದು ಕೇಳಿದರು. ಆಮೇಲೆ ಉತ್ತರವನ್ನೂ ಪೂರ್ತಿ ಕೇಳಿಸಿಕೊಂಡರು. ಅದು ಬಲಿಗಾಗಿ ಕಟ್ಟಿದ್ದಲ್ಲ, ಮುಂದಿನ ಮಕ್ಕಳಿಗೆ ಸಾಕ್ಷಿಯಾಗಲಿ ಅಂತ ಕಟ್ಟಿದ್ದು. ಯುದ್ಧ ನಿಂತುಹೋಯಿತು.

ನಾನು ಫೀನೆಹಾಸನ ಹಾಗೆ ಮಾಡಲಿಲ್ಲ. ಬಂಡೀಪುರ ಕಾಡಿನ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಲಾರಿ ಬಿಡಲ್ಲ, ನಿಮಗೆ ಗೊತ್ತು. ಓಣಂ ಸಮಯ, ಕೇರಳಕ್ಕೆ ಲೋಡ್ ಹೋಗಬೇಕಿತ್ತು. ಲೋಡಿಂಗ್ ನೋಡಿಕೊಳ್ಳುವ ಅಣ್ಣನಿಗೆ "ಲಾರಿ 9ಕ್ಕೆ" ಅಂತ ಮೆಸೇಜ್ ಹಾಕಿದೆ. ಲಾರಿ ಗೇಟಿಗೆ ಹೋಗುವಷ್ಟರಲ್ಲಿ ಮುಚ್ಚಿತ್ತು. ಬೀನ್ಸು, ಟೊಮ್ಯಾಟೊ ಬೆಳಗಿನ ತನಕ ಅಲ್ಲೇ. ಸಾಹುಕಾರರು ನನ್ನನ್ನು ಬೈದರು. ನಾನು ಕೋಪದಲ್ಲಿ ಗ್ರೂಪಿಗೆ ಬರೆದೆ: ಜವಾಬ್ದಾರಿ ಇಲ್ಲದವರನ್ನ ಇಟ್ಕೊಂಡ್ರೆ ಹಿಂಗೇ. ಎಲ್ಲರೂ ನೋಡಿದರು. ಮಾರನೇ ದಿನ ಅವರು ಕೆಲಸಕ್ಕೆ ಬರಲಿಲ್ಲ, ಅದರ ಮಾರನೇ ದಿನವೂ ಇಲ್ಲ.

ಮೂರನೇ ದಿನ ತೆರಕಣಾಂಬಿ ಕಡೆ ಅವರ ಮನೆಗೆ ಹೋದೆ. ಅವರ ಮನೆಯವರು ಕೂತ್ಕೊಳ್ಳಿ ಅಂತಲೂ ಅನ್ನಲಿಲ್ಲ. ಅಣ್ಣ ಫೋನ್ ತೆಗೆದು ನನ್ನ ಮೆಸೇಜನ್ನೇ ತೋರಿಸಿದರು. "ಒಂಬತ್ತಕ್ಕೆ ಅಂದ್ರಿ, ಒಂಬತ್ತಕ್ಕೆ ಗೋಡೌನಿಂದ ಬಿಟ್ಟೆ. ನಾನೇನ್ ತಪ್ ಮಾಡ್ದೆ ಪಾಸ್ಟ್ರೇ?" ನನ್ನ ತಲೆಯಲ್ಲಿ ಒಂಬತ್ತು ಅಂದರೆ ಚೆಕ್‌ಪೋಸ್ಟ್ ದಾಟುವುದು. ಅದನ್ನು ನಾನು ಬರೆದೇ ಇರಲಿಲ್ಲ. ಪೂರ್ವದ ಗೋತ್ರದವರ ತಪ್ಪೂ ನನ್ನದೇ, ವಿಚಾರಿಸದೆ ಎದ್ದುನಿಂತವರ ತಪ್ಪೂ ನನ್ನದೇ.

ಮತ್ತಾಯ 18:15ರಲ್ಲಿ ಕರ್ತನು ಮೊದಲು ನೀನೊಬ್ಬನೇ ಹೋಗಿ ಮಾತಾಡು ಅಂತಾನೆ, ಗ್ರೂಪಿಗೆ ಹಾಕು ಅನ್ನಲ್ಲ. ಆದರೆ ನಾನು ಬೈದದ್ದು ಎಲ್ಲರ ಮುಂದೆ, ಹಾಗಾಗಿ ಕ್ಷಮೆಯನ್ನೂ ಅದೇ ಗ್ರೂಪಿನಲ್ಲಿ ಕೇಳಿದೆ. ಎರಡು ದಿನದ ಕೂಲಿಯನ್ನು ನನ್ನ ಸಂಬಳದಲ್ಲಿ ಹಿಡಿದು ಅವರಿಗೆ ಕೊಡಿ ಅಂತ ಸಾಹುಕಾರರಿಗೆ ಹೇಳಿದೆ. ಇದನ್ನ ದೊಡ್ಡಸ್ತಿಕೆಗೆ ಹೇಳ್ತಿಲ್ಲ, ಅದು ಅವರ ದುಡ್ಡು. ಈಗ ನಾನು "ರಾತ್ರಿ 8.30ರೊಳಗೆ ಮದ್ದೂರು ಚೆಕ್‌ಪೋಸ್ಟ್ ದಾಟಬೇಕು" ಅಂತ ಪೂರ್ತಿ ಬರೆದು ಫೋನೂ ಮಾಡ್ತೀನಿ. ಅಣ್ಣ ಅದನ್ನೇ ವಾಪಸ್ ಹೇಳ್ತಾರೆ, ಒಂದೊಂದು ಸಲ ನಗ್ತಾ.

ನಾಳೆ ಸೋಮವಾರ. ಯಾರ ಹತ್ತಿರ ಹೋಗಿ ಕೇಳಬೇಕೋ ಆ ಒಂದು ಹೆಸರನ್ನು ಮನಸ್ಸಿಗೆ ತಂದುಕೊಳ್ಳಿ. ಎದ್ದು ನಿಲ್ಲೋಣ, ಪ್ರಾರ್ಥಿಸೋಣ.