ಗಣಿಯ ಕತ್ತಲೆ ಕಲಿಸಿದ ಆರು ಪಾಠ

ಅರವತ್ತರ ದಶಕದಲ್ಲಿ ನಾನು ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ, ಚಾಂಪಿಯನ್‌ನಲ್ಲಿ ಇಳಿದು, ಕೇಜಿನಲ್ಲಿ ಪಾತಾಳಕ್ಕೆ ಹೋಗುತ್ತಿದ್ದೆ. ಚಿನ್ನಕ್ಕಲ್ಲ. ಕೋಲಾರ ಚಿನ್ನದ ಗಣಿಗಳ (ಕೆಜಿಎಫ್) ಚಾಂಪಿಯನ್ ರೀಫ್ ಗಣಿಯ ಹೀತ್‌ಕೋಟ್ ಶಾಫ್ಟ್‌ನಲ್ಲಿ, ಸುಮಾರು 2,300 ಮೀಟರ್ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳು ನ್ಯೂಟ್ರಿನೊ ಎಂಬ ಕಣಕ್ಕಾಗಿ ಕಾಯುತ್ತಿದ್ದವು. ಅಲ್ಲಿ ಉಪಕರಣ ನೋಡಿಕೊಳ್ಳುವುದು ನನ್ನ ಕೆಲಸ. ಕಣ್ಣಿಗೆ ನಿಲುಕದ ಮಂಕು ಬೆಳಕನ್ನು ಹಿಡಿಯುವುದರಲ್ಲಿ ಕಲಿತದ್ದು ಇಷ್ಟು.

1. ಸೊನ್ನೆಯನ್ನೂ ಬರೆದಿಡಿ. ನೆಲದ ಮೇಲೆ ನಿಂತರೆ ನಮ್ಮ ಅಂಗೈಯೊಂದನ್ನೇ ಸೆಕೆಂಡಿಗೆ ಒಂದರ ಲೆಕ್ಕದಲ್ಲಿ ಆಕಾಶದಿಂದ ಸುರಿಯುವ ಮ್ಯೂಆನ್ ಕಣಗಳು ಹಾಯುತ್ತವೆ. ಆ ಸಂತೆಯಲ್ಲಿ ನ್ಯೂಟ್ರಿನೊ ಪಿಸುಮಾತು ಕೇಳಿಸದು. 1951ರಲ್ಲೇ ಟಾಟಾ ಸಂಸ್ಥೆಯ ಬಿ.ವಿ. ಶ್ರೀಕಂಠನ್ ಈ ಗಣಿಗಳಲ್ಲಿ ಇಳಿದು ಮ್ಯೂಆನ್ ಎಣಿಸಿದ್ದರು. ಮುಂದೆ ವಿಜ್ಞಾನಿಗಳಾದ ಮಿಯಾಕೆ, ನರಸಿಂಹಂ, ರಮಣಮೂರ್ತಿ ಇನ್ನೂ ಆಳಕ್ಕೆ ಹೋದಾಗ, ಎಲ್ಲಕ್ಕಿಂತ ಕೆಳಗೆ ಎರಡು ತಿಂಗಳು ಕಾದರೂ ಒಂದೂ ಎಣಿಕೆ ಬೀಳಲಿಲ್ಲ. ಬರಿಗೈ ಅಂತ ಯಾರೂ ಅನ್ನಲಿಲ್ಲ. ಜಾಗ ಸಿಕ್ಕಿತು ಅಂದರು.

2. ಒಂಟಿ ಸಾಕ್ಷಿಯನ್ನು ನಂಬಬೇಡಿ. ಕಣ ಹಾಯ್ದಾಗ ವಿಶೇಷ ಪ್ಲಾಸ್ಟಿಕ್ ಹಲಗೆ ಸಣ್ಣಗೆ ಮಿನುಗುತ್ತದೆ. ಆ ಮಿನುಗು ಫೋಟೋಮಲ್ಟಿಪ್ಲೈಯರ್ ಕೊಳವೆಗೆ ತಾಗಿ ಎಲೆಕ್ಟ್ರಾನ್ ಹೊರಬೀಳುತ್ತದೆ, ಅದು ಒಳಗೇ ಲಕ್ಷಗಟ್ಟಲೆಯಾಗುತ್ತದೆ. ಆದರೆ ಬರೀ ಶಾಖಕ್ಕೂ ಎಲೆಕ್ಟ್ರಾನ್ ಉದುರುತ್ತದೆ, ಗಣಿಯಲ್ಲಿ ಶಾಖಕ್ಕೇನು ಬರವೇ? ಅದಕ್ಕೇ ಈ ಹಲಗೆಗಳನ್ನು ಜೋಡಿಸಿದ ಎದುರುಬದುರು ಗೋಡೆಗಳ ಕೊಳವೆಗಳು ಒಟ್ಟಿಗೇ ಕೂಗಿದರೆ ಮಾತ್ರ ಲೆಕ್ಕ.

3. ಅನಿಲಕ್ಕೆ ಮರೆವು ಜಾಸ್ತಿ. ಗೋಡೆಗಳ ನಡುವೆ ನಿಯಾನ್ ತುಂಬಿದ ಗಾಜಿನ ಕೊಳವೆಗಳ ಸಾಲು. ಹಾಯ್ದ ಕಣ ನಿಯಾನ್ ಪರಮಾಣುಗಳಿಂದ ಎಲೆಕ್ಟ್ರಾನ್ ಕಿತ್ತು ಹೋಗುತ್ತದೆ. ಒಡನೆಯೇ, ಮೈಕ್ರೊಸೆಕೆಂಡುಗಳಲ್ಲಿ, ಹೈವೋಲ್ಟೇಜಿನ ಏಟು ಕೊಟ್ಟರೆ ಆ ಕೊಳವೆ ಕೆಂಪಗೆ ಹೊಳೆಯುತ್ತದೆ. ತಡವಾದರೆ ಎಲೆಕ್ಟ್ರಾನ್‌ಗಳು ಚದುರಿ ಗಾಜಿಗೆ ಅಂಟಿ ಹೋಗಿರುತ್ತವೆ. ಹೊಳೆದ ಕೊಳವೆಗಳನ್ನು ಕ್ಯಾಮರಾ ಹಿಡಿದರೆ ಕಣದ ದಾರಿ ಚುಕ್ಕಿ ರಂಗೋಲಿಯಂತೆ ಮೂಡುತ್ತದೆ.

4. ಎಷ್ಟು ಬಂತು ಅನ್ನುವ ಮೊದಲು ಎತ್ತಲಿಂದ ಬಂತು ನೋಡಿ. ತಲೆಯ ಮೇಲಿಂದ ಇಳಿದ ಗೆರೆ ಮ್ಯೂಆನ್‌ದು. ಅಡ್ಡಡ್ಡ ಬಂದ ಗೆರೆಯ ಹಿಂದೆ ಹತ್ತಾರು ಕಿಲೋಮೀಟರ್ ಬಂಡೆಯಿದೆ. ಅಷ್ಟನ್ನು ದಾಟಿ ಬರುವುದು ನ್ಯೂಟ್ರಿನೊ ಒಂದೇ. 1965ರಲ್ಲಿ ವಾತಾವರಣದ ನ್ಯೂಟ್ರಿನೊ ಸಿಕ್ಕಿದ್ದು ಇಂಥ ಗೆರೆಗಳಿಂದ. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಭೌತವಿಜ್ಞಾನಿ ರೈನ್ಸ್ ತಂಡಕ್ಕೂ ಸಿಕ್ಕಿತು.

5. ಮುಚ್ಚಳಕ್ಕೆ ಕೈ ಹಾಕುವ ಮೊದಲು ಸ್ವಿಚ್ ಆರಿಸಿ. ಒಮ್ಮೆ ಹೈವೋಲ್ಟೇಜ್ ಇರುವಾಗಲೇ ಫೋಟೋಮಲ್ಟಿಪ್ಲೈಯರ್ ಕೊಳವೆಯ ಪೆಟ್ಟಿಗೆ ತೆರೆದೆ. ತಲೆಯ ಮೇಲೆ ಗಣಿ ಲಾಂದ್ರ ಉರಿಯುತ್ತಿತ್ತು. ಒಂದೊಂದೇ ಎಲೆಕ್ಟ್ರಾನ್ ಎಣಿಸುವ ಕೊಳವೆಗೆ ಅದು ನೇರ ಸೂರ್ಯ. ಕೊಳವೆ ಮತ್ತೆ ಸರಿಹೋಗಲೇ ಇಲ್ಲ. ಆಮೇಲೆ ಬೆಳಕು ನುಸುಳುವ ಸಂದು ಮುಚ್ಚುವ ಕಪ್ಪು ಟೇಪಿನ ಸುರುಳಿ ನನ್ನ ಜೇಬು ಬಿಟ್ಟದ್ದಿಲ್ಲ.

6. ಜರಡಿ ಆರಿಸುವುದೇ ಅರ್ಧ ಕೆಲಸ. ನಮಗೆ ಬಂಡೆಯೇ ಜರಡಿ. ಬೆಳಕನ್ನು ಸೋಸಲು ಬೇರೆಯದೇ ಜರಡಿ ಬೇಕು: ಈಗ ಪ್ರಯೋಗಾಲಯಗಳಲ್ಲಿ ರುಬಿಡಿಯಂ ಆವಿ ತುಂಬಿದ ಬೆರಳುದ್ದದ ಗಾಜಿನ ಡಬ್ಬಿಗಳಿವೆ. ಆ ಪರಮಾಣು ಬಲು ಹಟಮಾರಿ: 780 ನ್ಯಾನೋಮೀಟರಿನ ತನ್ನ ಬಣ್ಣ ಬಂದರೆ ಸ್ಪಂದಿಸುತ್ತದೆ, ಪಕ್ಕದ ಬಣ್ಣಕ್ಕೆ ಕಿವುಡು. ಕಾಂತದ ನಡುವೆ, ಒಂದಕ್ಕೊಂದು ಅಡ್ಡವಿಟ್ಟ ಎರಡು ಪೋಲರೈಸರ್‌ಗಳ ಮಧ್ಯೆ ಇಟ್ಟರೆ ಆ ಬಣ್ಣ ಮಾತ್ರ ತಿರುಗಿ ದಾಟುತ್ತದೆ. ಹಾಡುಹಗಲಲ್ಲೂ ಅದೇ ಬಣ್ಣದ ಮಂಕು ಲೇಸರ್ ಬೆಳಕನ್ನು ಬಿಸಿಲಿನಿಂದ ಹೆಕ್ಕಬಹುದು. ಮ್ಯೂಆನ್ ತಡೆಯಲು ಅದು ಬಾರದು, ಅಲ್ಲಿ ಬಂಡೆಯೇ ಬೇಕು.

2001ರಲ್ಲಿ ಗಣಿ ಮುಚ್ಚಿತು. ಕೆಜಿಎಫ್‌ನಲ್ಲಿ ಇಳಿದರೆ ಸೈನೈಡ್ ದಿಬ್ಬಗಳು ಈಗಲೂ ಕಾಣುತ್ತವೆ: ಚಿನ್ನ ತೆಗೆದು ಬಿಸಾಡಿದ ಕಲ್ಲುಪುಡಿ. ನಮಗೂ ಅಂಥ ದಿಬ್ಬವಿತ್ತು, ಮೇಲಿಂದಿಳಿದ ಗೆರೆಗಳ ಫಿಲ್ಮ್ ರೀಲುಗಳದು. ಒಂದು ಅಡ್ಡಗೆರೆ ಸಿಗಬೇಕಾದರೆ ಅವಷ್ಟನ್ನೂ ಒಂದೊಂದಾಗಿ ನೋಡಲೇಬೇಕಿತ್ತು.