ಗ್ರಾಮೀಣ ಮಾನಸಿಕ ಆರೋಗ್ಯ ಸಂಶೋಧನೆಯಲ್ಲಿ ರೋಗ ಅನುಭವಿಸಿದವರ ಪಾತ್ರ

ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು 1982ರಲ್ಲಿ ಆರಂಭವಾಯಿತು. ಅದನ್ನು ಜಿಲ್ಲೆಯೊಂದರಲ್ಲಿ ಜಾರಿಗೊಳಿಸುವ ಬಗೆಯನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿಯಲ್ಲಿ ಪರೀಕ್ಷಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ನೀಡಿದರೆ ಹಳ್ಳಿಯ ಸಮೀಪದಲ್ಲಿಯೇ ಚಿಕಿತ್ಸೆ ಸಾಧ್ಯವೆಂಬುದು ಅಲ್ಲಿ ಕಂಡುಬಂದಿತು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ಪ್ರಯೋಗವೇ ಮಾದರಿಯಾಯಿತು.

ಸಾಮಾನ್ಯವಾಗಿ ಇಂತಹ ಅಧ್ಯಯನಗಳಲ್ಲಿ ಪ್ರಶ್ನೆಗಳನ್ನು ರೂಪಿಸುವವರು ತಜ್ಞರು. ರೋಗಿಗಳು ಕೇವಲ ಉತ್ತರಿಸುವವರು. ಇದರಿಂದಾಗುವ ಕೊರತೆ ಅಲ್ಪವಲ್ಲ. ಕೃಷಿ ಕಾರ್ಮಿಕ ಮಹಿಳೆಯೊಬ್ಬಳು ಔಷಧಿ ನಿಲ್ಲಿಸಿದಳೆಂದು ಭಾವಿಸೋಣ. ದಾಖಲೆಯಲ್ಲಿ ‘ಚಿಕಿತ್ಸೆ ಬಿಟ್ಟವರು’ ಎಂದಷ್ಟೇ ನಮೂದಾಗುತ್ತದೆ. ಆಸ್ಪತ್ರೆಗೆ ಹೋದ ದಿನದ ಕೂಲಿ ತಪ್ಪಿತು. ಮಾತ್ರೆಯ ಮಂಪರಿನಿಂದಾಗಿ ಬೆಳಿಗ್ಗೆ ಕಳೆ ಕೀಳಲು ಏಳಲಾಗಲಿಲ್ಲ. ಮಗಳ ಮದುವೆಯ ಮಾತುಕತೆ ನಡೆದಿರುವಾಗ ಔಷಧಿ ಚೀಟಿ ಬೀಗರಾಗುವವರ ಕಣ್ಣಿಗೆ ಬೀಳಬಾರದಾಗಿತ್ತು. ಪ್ರಶ್ನಾವಳಿಯು ಕೇಳದಿದ್ದ ಮೇಲೆ ಇವು ಉತ್ತರದಲ್ಲಿ ಬರುವುದಾದರೂ ಹೇಗೆ? ಆ ದಿನಗಳನ್ನು ಸ್ವತಃ ಕಂಡವರು ಪ್ರಶ್ನಾವಳಿ ಸಿದ್ಧಪಡಿಸುವ ಸಭೆಯಲ್ಲಿದ್ದರೆ ಇವನ್ನು ಮೊದಲಿಗೇ ಕೇಳಿಸುವರು.

2017ರ ಮಾನಸಿಕ ಆರೋಗ್ಯ ರಕ್ಷಣಾ ಅಧಿನಿಯಮವು ಕೇಂದ್ರ ಪ್ರಾಧಿಕಾರದಲ್ಲಿ ರೋಗಾನುಭವವುಳ್ಳವರ ಇಬ್ಬರು ಪ್ರತಿನಿಧಿಗಳಿಗೆ ಸ್ಥಾನ ನೀಡಿದೆ. ಸಂಶೋಧನೆಗೆ ತಿಳಿವಳಿಕೆಯುಳ್ಳ ಸಮ್ಮತಿಯನ್ನೂ ಕಡ್ಡಾಯಗೊಳಿಸಿದೆ. ಆದರೆ ಸಮ್ಮತಿಯೇ ಬೇರೆ, ಸಹಭಾಗಿತ್ವವೇ ಬೇರೆ. ಸಭೆಯನ್ನು ಸುಗ್ಗಿಯ ದಿನಗಳಲ್ಲಿ ಕರೆದರೆ ಯಾರೂ ಬರಲಾರರು. ತಜ್ಞರಿಗೆ ಪ್ರಯಾಣ ಭತ್ಯೆ ಉಂಟು; ಕೂಲಿ ಬಿಟ್ಟು ಬಂದವರಿಗೂ ಆ ದಿನದ ಕೂಲಿ ಮತ್ತು ಬಸ್ಸಿನ ವೆಚ್ಚ ಸಲ್ಲಬೇಕು. ವರದಿ ಸಿದ್ಧವಾದಾಗ, ಯಾರ ಗುರುತೂ ಬಯಲಾಗದಂತೆ, ಅದನ್ನು ಆಡುಮಾತಿನಲ್ಲಿ ಅವರಿಗೇ ಮೊದಲು ಓದಿ ಹೇಳಬೇಕು.