ಹೊರಗಿನ ಡ್ರೈವ್‌ನಿಂದ ಕಂಪ್ಯೂಟರ್ ಬೂಟ್ ಆಗದಿದ್ದಾಗ

ನಿಮ್ಮ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ವಿಂಡೋಸ್ ಇದೆ. ಅದನ್ನು ಮುಟ್ಟದೆ ಉಬುಂಟು ಲಿನಕ್ಸನ್ನು ಬಳಸಿ ನೋಡುವ ಆಸೆ ನಿಮಗೆ ಎಂದುಕೊಳ್ಳೋಣ. ಅಂಗೈಯಗಲದ ಎಸ್‌ಎಸ್‌ಡಿ ಒಂದನ್ನು ಕೊಂಡು, ಉಬುಂಟುವನ್ನು ಅದರ ಮೇಲೆ ಹಾಕಿ, ಯುಎಸ್‌ಬಿ-ಸಿ ಕೇಬಲ್ಲಿನಿಂದ ಜೋಡಿಸಿ ಸ್ವಿಚ್ ಒತ್ತಿದಿರಿ. ಬಂದದ್ದು ಅದೇ ಹಳೆಯ ವಿಂಡೋಸ್. ಅದರ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆದು ನೋಡಿದರೆ ಹೊಸ ಡ್ರೈವ್ ಕಾಣುತ್ತಿದೆ. ಕಾಣುತ್ತಿರುವ ಡ್ರೈವ್‌ನಿಂದ ಯಂತ್ರ ಏಕೆ ಶುರುವಾಗುವುದಿಲ್ಲ? ಹೊಸಬರೆಲ್ಲರೂ ಎಡವುವುದು ಇಲ್ಲೇ. ಆದ್ದರಿಂದ ಬುಡದಿಂದ ಆರಂಭಿಸೋಣ.

ಸ್ವಿಚ್ ಒತ್ತಿದ ಕ್ಷಣದಲ್ಲಿ ನಿಮ್ಮ ಯಂತ್ರದಲ್ಲಿ ವಿಂಡೋಸೂ ಇಲ್ಲ, ಲಿನಕ್ಸೂ ಇಲ್ಲ. ಎಚ್ಚರವಿರುವುದು ಮದರ್‌ಬೋರ್ಡಿನ ಒಂದು ಚಿಪ್‌ನಲ್ಲಿ ಬರೆದಿಟ್ಟ ಪುಟ್ಟ ತಂತ್ರಾಂಶ ಮಾತ್ರ. ಇದಕ್ಕೆ ಫರ್ಮ್‌ವೇರ್ ಎನ್ನುತ್ತಾರೆ. 1981ರ ಐಬಿಎಂ ಪಿಸಿಯ ಕಾಲದಿಂದ ಬಂದ ಫರ್ಮ್‌ವೇರ್‌ಗೆ ಬಯೋಸ್ ಎಂದು ಹೆಸರು. ಇಂದಿನ ಯಂತ್ರಗಳಲ್ಲಿ ಅದರ ಜಾಗಕ್ಕೆ ಯುಇಎಫ್‌ಐ ಬಂದಿದೆ, ಆದರೂ ಅಂಗಡಿಯವರಿಂದ ಎಂಜಿನಿಯರ್‌ಗಳವರೆಗೆ ಎಲ್ಲರೂ ಇದನ್ನೂ ಬಯೋಸ್ ಎಂದೇ ಕರೆಯುತ್ತಾರೆ. ಈ ಫರ್ಮ್‌ವೇರ್ ಡ್ರೈವ್‌ಗಳನ್ನು ಹುಡುಕುತ್ತದೆ. ಅವುಗಳಲ್ಲಿ ಬೂಟ್‌ಲೋಡರ್ ಎಂಬ ಚಿಕ್ಕ ಫೈಲ್ ಸಿಕ್ಕರೆ ಅದನ್ನು ಓಡಿಸುತ್ತದೆ. ಆ ಬೂಟ್‌ಲೋಡರ್ ಮುಂದೆ ಇಡೀ ವಿಂಡೋಸನ್ನೋ ಲಿನಕ್ಸನ್ನೋ ಮೇಲೆತ್ತುತ್ತದೆ. ಬೂಟ್ ಆಗುವುದೆಂದರೆ ಇಷ್ಟೇ.

ಹೆಡ್‌ಮಾಸ್ಟರು ಬರುವ ಮೊದಲೇ ಬಂದು ಶಾಲೆಯ ಬೀಗ ತೆಗೆಯುವ ಜವಾನನನ್ನು ನೆನೆಯಿರಿ. ಅವನ ಕೈಯಲ್ಲಿರುವುದು ಕೆಲವೇ ಬೀಗದಕೈಗಳು. ಪ್ರಯೋಗಾಲಯದ ಬೀಗದಕೈ ಹೆಡ್‌ಮಾಸ್ಟರ ಬಳಿ ಮಾತ್ರ ಇದ್ದರೆ, ಅವರು ಬರುವ ತನಕ ಆ ಬಾಗಿಲು ಮುಚ್ಚಿಯೇ ಇರುತ್ತದೆ. ಫರ್ಮ್‌ವೇರ್ ಆ ಜವಾನ, ವಿಂಡೋಸ್ ಹೆಡ್‌ಮಾಸ್ಟರು. ವಿಂಡೋಸಿಗೆ ಡ್ರೈವ್ ಕಂಡಿತು ಎಂಬುದರಿಂದ ಫರ್ಮ್‌ವೇರ್‌ಗೂ ಕಂಡಿತೆಂದು ಹೇಳಲಾಗದು.

ಹಾಗಾದರೆ ಕೇಳಬೇಕಾದ ಮೊದಲ ಪ್ರಶ್ನೆ: ಫರ್ಮ್‌ವೇರ್‌ಗೆ ನನ್ನ ಡ್ರೈವ್ ಕಾಣುತ್ತಿದೆಯೇ? ಉತ್ತರ ಸಿಗುವುದು ಬೂಟ್ ಮೆನುವಿನಲ್ಲಿ, ಅಂದರೆ ಯಾವ ಡ್ರೈವ್‌ನಿಂದ ಶುರುವಾಗಬೇಕೆಂದು ಆರಿಸುವ ಪಟ್ಟಿಯಲ್ಲಿ. ಸ್ವಿಚ್ ಒತ್ತಿದೊಡನೆ ಒಂದು ಕೀಲಿಯನ್ನು ಮೇಲಿಂದ ಮೇಲೆ ಒತ್ತಿದರೆ ಇದು ತೆರೆಯುತ್ತದೆ. ಡೆಲ್, ಲೆನೊವೊ, ಗಿಗಾಬೈಟ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಮದರ್‌ಬೋರ್ಡಿನಲ್ಲಿ ಎಫ್8, ಎಂಎಸ್‌ಐ ಮತ್ತು ಎಎಸ್‌ರಾಕ್‌ನಲ್ಲಿ ಎಫ್11. ಪಟ್ಟಿಯಲ್ಲಿ ‘ಯುಇಎಫ್‌ಐ’ ಎಂಬ ಪದದ ಮುಂದೆ ನಿಮ್ಮ ಎಸ್‌ಎಸ್‌ಡಿಯ ಹೆಸರಿದೆಯೇ ನೋಡಿ. ಇದ್ದರೆ ಅದನ್ನೇ ಆರಿಸಿ ಎಂಟರ್ ಒತ್ತಿ. ಎಷ್ಟೋ ಸಲ ತೊಂದರೆ ಇಲ್ಲಿಗೇ ಮುಗಿಯುತ್ತದೆ: ಯಂತ್ರ ತನ್ನ ರೂಢಿಯ ಪ್ರಕಾರ ಒಳಗಿನ ಡ್ರೈವ್‌ನತ್ತ ಹೋಗುತ್ತಿತ್ತು, ಅಷ್ಟೆ.

ಹೆಸರೇ ಇಲ್ಲದಿದ್ದರೆ ಸೆಟ್ಟಿಂಗ್‌ಗಳಿಗೆ ಕೈಹಾಕುವ ಮೊದಲು ಕೇಬಲ್ಲನ್ನು ಅನುಮಾನಿಸಿ. ಯುಎಸ್‌ಬಿ-ಸಿ ಎಂದರೆ ತುದಿಯ ಆಕಾರ ಮಾತ್ರ. ಒಂದೇ ಆಕಾರದ ಎರಡು ಕೇಬಲ್‌ಗಳ ಒಳಗಿನ ತಂತಿಗಳು ಬೇರೆ ಬೇರೆ ಇರಬಹುದು. ಫೋನಿನ ಚಾರ್ಜರ್ ಜೊತೆ ಬರುವ ಹೆಚ್ಚಿನ ಕೇಬಲ್‌ಗಳು ಸೆಕೆಂಡಿಗೆ 480 ಮೆಗಾಬಿಟ್‌ನಷ್ಟು ಮಾಹಿತಿಯನ್ನು ಮಾತ್ರ ಸಾಗಿಸಬಲ್ಲವು. ಎಸ್‌ಎಸ್‌ಡಿಯ ಪೆಟ್ಟಿಗೆಯಲ್ಲಿ ಬಂದ ಕೇಬಲ್ 10 ಗಿಗಾಬಿಟ್ ಸಾಗಿಸಬಹುದು. ಮಾಹಿತಿಯ ತಂತಿಗಳೇ ಇಲ್ಲದ, ಬರಿಯ ವಿದ್ಯುತ್ ಹರಿಸುವ ಅಗ್ಗದ ಕೇಬಲ್‌ಗಳೂ ಇವೆ. ಡ್ರೈವ್‌ನ ದೀಪ ಹತ್ತಿತೆಂದರೆ ವಿದ್ಯುತ್ ತಲುಪಿದೆ ಎಂದಷ್ಟೇ ಅರ್ಥ. ಹೊಸದು ಕೊಳ್ಳುವಾಗ ‘ಸಿ ಟು ಸಿ ಕೊಡಿ’ ಎಂದಷ್ಟೇ ಹೇಳದೆ, ‘10 ಜಿಬಿಪಿಎಸ್ ಡೇಟಾ ಕೇಬಲ್’ ಎಂದು ಕೇಳಿ.

ಆಮೇಲೆ ಪೋರ್ಟ್, ಅಂದರೆ ಕೇಬಲ್ ಸಿಕ್ಕಿಸುವ ಕಿಂಡಿ. ಡೆಸ್ಕ್‌ಟಾಪಿನ ಹಿಂಬದಿಯ ಪೋರ್ಟುಗಳೆಲ್ಲ ಒಂದೇ ಬೇರಿನಿಂದ ಬಂದವಲ್ಲ. ಕೆಲವು ಮದರ್‌ಬೋರ್ಡಿನ ಮುಖ್ಯ ಚಿಪ್‌ಸೆಟ್‌ಗೆ ನೇರವಾಗಿ ಸೇರಿರುತ್ತವೆ. ಕೆಲವು, ಅದರಲ್ಲೂ ಹಳೆಯ ಬೋರ್ಡುಗಳ ಯುಎಸ್‌ಬಿ-ಸಿ ಪೋರ್ಟುಗಳು, ಬೇರೊಂದು ಕಂಪನಿಯ ಪ್ರತ್ಯೇಕ ಕಂಟ್ರೋಲರ್ ಚಿಪ್ ಮೂಲಕ ಬರುತ್ತವೆ. ಆ ಚಿಪ್ಪನ್ನು ಮಾತಾಡಿಸಲು ವಿಂಡೋಸಿನ ಬಳಿ ಡ್ರೈವರ್ ಇರುತ್ತದೆ. ಫರ್ಮ್‌ವೇರ್ ಬಳಿ ಇರದೆಯೂ ಇರಬಹುದು. ಕ್ಯಾಬಿನೆಟ್ಟಿನ ಮುಂಬದಿಯ ಪೋರ್ಟಾದರೋ ಒಳಗೊಂದು ಉದ್ದನೆಯ ವೈರಿನ ತುದಿಯಲ್ಲಿರುತ್ತದೆ. ಆ ವೈರು ಸಡಿಲವಾಗಿದ್ದರೂ ಸಾಕು, ಕೆಲಸ ಕೆಡುತ್ತದೆ. ಹಾಗಾಗಿ ನಾನು ಎಲ್ಲಕ್ಕಿಂತ ಮೊದಲು ಮಾಡಿಸುವ ಪರೀಕ್ಷೆ ಇದು: ಒಂದು ತುದಿ ಸಿ, ಇನ್ನೊಂದು ತುದಿ ಎ ಇರುವ ಕೇಬಲ್ ಹಿಡಿದು, ಡ್ರೈವನ್ನು ಹಿಂಬದಿಯ ಹಳೆಯ ಆಯತಾಕಾರದ ಯುಎಸ್‌ಬಿ-ಎ ಪೋರ್ಟಿಗೆ ಸಿಕ್ಕಿಸಿ. ನಡುವೆ ಹಬ್ ಬೇಡ. ಈಗ ಬೂಟ್ ಮೆನುವಿನಲ್ಲಿ ಹೆಸರು ಬಂದರೆ ಡ್ರೈವ್ ನಿರ್ದೋಷಿ, ದೋಷ ಸಿ ಪೋರ್ಟಿನದೋ ಮೊದಲಿನ ಕೇಬಲ್ಲಿನದೋ. ತಯಾರಕರು ಫರ್ಮ್‌ವೇರ್‌ನ ಹೊಸ ಆವೃತ್ತಿ ಕೊಟ್ಟಿದ್ದರೆ ಅದನ್ನು ಹಾಕಿ ನೋಡಬಹುದು. ಇಲ್ಲವೇ ಎ ಪೋರ್ಟಿನಲ್ಲೇ ನೆಮ್ಮದಿಯಿಂದಿರಬಹುದು. ಒಂದು ಎಚ್ಚರಿಕೆ: ಯುಎಸ್‌ಬಿ 3ರ ಎ ಪೋರ್ಟು ನಿಯಮದಂತೆ ಕೊಡುವುದು 5 ವೋಲ್ಟಿನಲ್ಲಿ 900 ಮಿಲಿಆಂಪಿಯರ್. ಹೆಚ್ಚು ವಿದ್ಯುತ್ ಬೇಡುವ ಎನ್‌ವಿಎಂಇ ಬಗೆಯ ಎಸ್‌ಎಸ್‌ಡಿಗಳಿಗೆ ಇದು ಸಾಲದೆ ಹೋಗಬಹುದು.

ಪೋರ್ಟು ಬದಲಿಸಿದರೂ ಹೆಸರು ಬಾರದಿದ್ದರೆ ಈಗ ಸೆಟ್ಟಿಂಗ್‌ಗಳು. ಬಯೋಸ್ ಸೆಟಪ್ಪಿನಲ್ಲಿ, ಅಂದರೆ ಫರ್ಮ್‌ವೇರ್‌ನ ಸೆಟ್ಟಿಂಗ್‌ಗಳ ಪರದೆಯಲ್ಲಿ, ‘ಫಾಸ್ಟ್ ಬೂಟ್’ ಎಂಬುದೊಂದಿರುತ್ತದೆ. ಸಮಯ ಉಳಿಸಲು ಅದು ಯುಎಸ್‌ಬಿ ಸಾಧನಗಳನ್ನು ಹುಡುಕದೆ ಮುಂದೆ ಹೋಗಬಹುದು. ಅದನ್ನು ಆಫ್ ಮಾಡಿ.

ಇಷ್ಟಾದರೂ ಹೆಸರಿಲ್ಲವೇ? ಈಗ ಡ್ರೈವ್‌ನ ಒಳಗೆ ನೋಡೋಣ. ಎಷ್ಟೋ ಫರ್ಮ್‌ವೇರ್‌ಗಳು ಬೂಟ್‌ಲೋಡರ್ ಸಿಗದ ಡ್ರೈವನ್ನು ಪಟ್ಟಿಯಲ್ಲಿ ತೋರಿಸುವುದೇ ಇಲ್ಲ. ಯುಇಎಫ್‌ಐ ನಿಯಮದ ಪ್ರಕಾರ, ಹೊರಗಿನ ಡ್ರೈವ್‌ನಲ್ಲಿ ಫ್ಯಾಟ್32 ಮಾದರಿಯ ಪುಟ್ಟ ವಿಭಾಗವೊಂದಿರಬೇಕು. ಅದರಲ್ಲಿ ‘ಇಎಫ್‌ಐ’ ಎಂಬ ಫೋಲ್ಡರ್, ಅದರೊಳಗೆ ‘ಬೂಟ್’ ಎಂಬ ಫೋಲ್ಡರ್, ಅದರೊಳಗೆ ‘ಬೂಟ್‌ಎಕ್ಸ್64.ಇಎಫ್‌ಐ’ ಎಂಬ ಫೈಲ್ ಇರಬೇಕು. ಇಂಟೆಲ್, ಎಎಂಡಿ ಯಂತ್ರಗಳ ಫರ್ಮ್‌ವೇರ್ ಅಪರಿಚಿತ ಡ್ರೈವ್‌ನಲ್ಲಿ ಹುಡುಕುವುದು ಈ ವಿಳಾಸವನ್ನೇ.

ಉಬುಂಟುವಿನ ವಿಷಯದಲ್ಲಿ ಇಲ್ಲೊಂದು ಹಳೆಯ ಕಿತಾಪತಿ ಇದೆ. ಹಲವು ವರ್ಷ ಬಳಕೆಯಲ್ಲಿದ್ದ ಅದರ ಇನ್‌ಸ್ಟಾಲರ್, ನೀವು ಹೊರಗಿನ ಡ್ರೈವನ್ನೇ ಆರಿಸಿದರೂ, ಗ್ರಬ್ ಎಂಬ ಬೂಟ್‌ಲೋಡರನ್ನು ಮಾತ್ರ ಒಳಗಿನ ಡ್ರೈವ್‌ನಲ್ಲಿ ವಿಂಡೋಸಿನ ಬೂಟ್‌ಲೋಡರ್ ಇರುವ ವಿಭಾಗದಲ್ಲೇ ಇಟ್ಟುಬಿಡುತ್ತಿತ್ತು. ಹೀಗಾದರೆ ಆ ಡ್ರೈವ್ ಬೇರೆ ಯಾವ ಯಂತ್ರದಲ್ಲೂ ಬೂಟ್ ಆಗದು. ಡ್ರೈವ್ ಕಿತ್ತು ನಿಮ್ಮದೇ ಯಂತ್ರವನ್ನು ಆನ್ ಮಾಡಿದರೆ ಕಪ್ಪು ಪರದೆಯಲ್ಲಿ ‘ಗ್ರಬ್’ ಎಂಬ ಪದ, ಪಕ್ಕದಲ್ಲೊಂದು ಬಾಣದ ಗುರುತು, ಬೇರೇನೂ ಇಲ್ಲ. ಗಾಬರಿಯಾಗಬೇಡಿ, ಬೂಟ್ ಮೆನುವಿನಿಂದ ‘ವಿಂಡೋಸ್ ಬೂಟ್ ಮ್ಯಾನೇಜರ್’ ಆರಿಸಿದರೆ ವಿಂಡೋಸ್ ಬರುತ್ತದೆ. ಇದನ್ನು ತಪ್ಪಿಸುವ ನೇರ ದಾರಿಯೆಂದರೆ, ಉಬುಂಟು ಹಾಕುವಷ್ಟು ಹೊತ್ತು ಒಳಗಿನ ಡ್ರೈವ್‌ನ ಸಂಪರ್ಕ ತೆಗೆದಿಡುವುದು ಅಥವಾ ಬಯೋಸ್‌ನಲ್ಲಿ ಅದನ್ನು ನಿಷ್ಕ್ರಿಯಗೊಳಿಸುವುದು. ಆಗ ಗ್ರಬ್‌ಗೆ ಹೋಗಲು ಬೇರೆ ಜಾಗವೇ ಇರುವುದಿಲ್ಲ.

ಡ್ರೈವ್‌ನ ಹೆಸರು ಕಂಡು, ಆರಿಸಿದ ಮೇಲೆ ನಿಂತುಹೋದರೆ ಪರದೆಯ ಮೇಲಿನ ಸಂದೇಶವನ್ನು ಓದಿ. ಅದರಲ್ಲಿ ‘ಸೆಕ್ಯೂರ್ ಬೂಟ್’ ಎಂದಿದ್ದರೆ, ಬೂಟ್‌ಲೋಡರ್‌ಗೆ ಫರ್ಮ್‌ವೇರ್ ಒಪ್ಪುವ ಡಿಜಿಟಲ್ ಸಹಿ ಇಲ್ಲವೆಂದು ಅರ್ಥ. 2012ರಲ್ಲಿ ವಿಂಡೋಸ್ 8ರೊಂದಿಗೆ ಬಳಕೆಗೆ ಬಂದ ಕಾವಲು ಇದು. ಉಬುಂಟು, ಫೆಡೋರಾದಂಥ ಲಿನಕ್ಸ್‌ಗಳಿಗೆ ಮೈಕ್ರೋಸಾಫ್ಟ್‌ನ ಸಹಿ ಇರುವುದರಿಂದ ಸಾಮಾನ್ಯವಾಗಿ ತಡೆಯಿಲ್ಲ. ಆರ್ಚ್‌ನಂಥವಕ್ಕೆ ಇದನ್ನು ಆಫ್ ಮಾಡಬೇಕಾಗಬಹುದು. ಮಾಡುವ ಮೊದಲು ವಿಂಡೋಸಿನಲ್ಲಿ ಬಿಟ್‌ಲಾಕರ್, ಅಂದರೆ ಡ್ರೈವ್‌ಗೆ ಗೂಢಲಿಪಿಯ ಬೀಗ, ಇದೆಯೇ ನೋಡಿ. ಇದ್ದರೆ ಅದರ 48 ಅಂಕಿಗಳ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಸೆಕ್ಯೂರ್ ಬೂಟ್ ಬದಲಾದದ್ದನ್ನು ಕಂಡು ವಿಂಡೋಸ್ ಅದನ್ನು ಕೇಳಬಹುದು. ಕೀ ಇಲ್ಲದಿದ್ದರೆ ಒಳಗಿನ ಕಡತಗಳು ಕೈತಪ್ಪಿ ಹೋಗಬಹುದು. ಲಿನಕ್ಸ್ ಅರ್ಧ ಮೇಲೆದ್ದು ಡ್ರೈವ್ ಸಿಗುತ್ತಿಲ್ಲ ಎಂದರೆ ಮತ್ತೆ ಕೇಬಲ್ ಮತ್ತು ವಿದ್ಯುತ್ತಿನ ಕಡೆಗೇ ಬನ್ನಿ.

ಮ್ಯಾಕ್ ಇದ್ದವರಿಗೆ ಎರಡು ಮಾತು. ಟಿ2 ಚಿಪ್ ಇರುವ ಇಂಟೆಲ್ ಮ್ಯಾಕ್‌ಗಳು, ಉದಾಹರಣೆಗೆ 2018ರ ಮ್ಯಾಕ್ ಮಿನಿ, ಹೊರಗಿನ ಡ್ರೈವ್‌ನಿಂದ ಬೂಟ್ ಆಗಲು ತಾವಾಗಿ ಬಿಡುವುದಿಲ್ಲ. ರಿಕವರಿಯೊಳಗಿನ ‘ಸ್ಟಾರ್ಟಪ್ ಸೆಕ್ಯೂರಿಟಿ ಯುಟಿಲಿಟಿ’ಯಲ್ಲಿ ಅನುಮತಿ ಕೊಡಬೇಕು. ಆಪಲ್ ಸಿಲಿಕಾನ್ ಮ್ಯಾಕ್‌ಗಳಲ್ಲಿ ಡಿಎಫ್‌ಯು ಎಂದು ಆಪಲ್ ಕರೆಯುವ ಒಂದು ಯುಎಸ್‌ಬಿ-ಸಿ ಪೋರ್ಟಿದೆ. ಹೊರಗಿನ ಡ್ರೈವ್‌ಗೆ ಮ್ಯಾಕ್‌ಓಎಸ್ ಹಾಕುವಾಗ ಅದೊಂದನ್ನು ಬಿಡಿ ಎಂದು ಆಪಲ್ಲೇ ಹೇಳುತ್ತದೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಬರೆದಿಡಿ. ಕೊನೆಗೂ ಬಲ್ಲವರನ್ನು ಕೇಳಬೇಕಾಗಿ ಬಂದರೆ ‘ಬೂಟ್ ಆಗುತ್ತಿಲ್ಲ’ ಎಂದಷ್ಟೇ ಹೇಳಬೇಡಿ. ಮದರ್‌ಬೋರ್ಡಿನ ಹೆಸರು, ಯಾವ ಪೋರ್ಟು, ಯಾವ ಕೇಬಲ್, ಬೂಟ್ ಮೆನುವಿನಲ್ಲಿ ಡ್ರೈವ್‌ನ ಹೆಸರು ಕಂಡಿತೋ ಇಲ್ಲವೋ ಎಂಬುದನ್ನು ತಿಳಿಸಿ. ಪರದೆಯ ಫೋಟೋ ಒಂದನ್ನು ಜೊತೆಗಿಡಿ.